ಹೂ ಮುಗಿದ ಗುಡ್ಡಕ್ಕೆ ಕಾವಲು ಯಾರು?

ಶನಿವಾರ, ಭಾನುವಾರ ಬಂತೆಂದರೆ ಚಿಕ್ಕಮಗಳೂರು ಪೇಟೆಯಲ್ಲಿ ಎರಡು ಲೆಕ್ಕ ನಡೆಯುತ್ತವೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರದ್ದು ಒಂದು: ಇವತ್ತು ಗಿರಿಗೆ ಎಷ್ಟು ಗಾಡಿ ಹೋದವು? ಬಸ್ ಸ್ಟ್ಯಾಂಡಿನಲ್ಲಿ ನಿಂತವರದ್ದು ಇನ್ನೊಂದು: ಈ ಗಾಡಿಗಳ ನಡುವೆ ನಮ್ಮ ಬಸ್ಸು ಎಷ್ಟು ಹೊತ್ತಿಗೆ ಬಂದೀತು? ಮೂರನೆಯ ಲೆಕ್ಕವೊಂದಿದೆ. ಅದು ಮುಳ್ಳಯ್ಯನಗಿರಿ, ಶೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಯ ನೆತ್ತಿಯ ಮೇಲಿರುವ ಹುಲ್ಲಿನ ಲೆಕ್ಕ. ಅದನ್ನು ಕೇಳುವವರು ಕಮ್ಮಿ.

2025ರ ಸೆಪ್ಟೆಂಬರ್ 1ರಿಂದ ಜಿಲ್ಲಾಡಳಿತ ಒಂದು ನಿಯಮ ತಂದಿತು. ಗಿರಿಗೆ ಹೋಗುವವರು ಮುಂಚಿತವಾಗಿ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಬೆಳಿಗ್ಗೆ 6ರಿಂದ 12ರವರೆಗೆ 600 ವಾಹನ, ಮಧ್ಯಾಹ್ನ 1ರಿಂದ 6ರವರೆಗೆ 600 ವಾಹನ. ಅಲ್ಲಿಗೆ ದಿನಕ್ಕೆ 1,200. ಪೇಟೆಯಲ್ಲಿ ಕೂಡಲೇ ಎರಡು ಗುಂಪಾಯಿತು. 'ಬರೋ ಗಿರಾಕೀನ ಬಾಗಿಲಲ್ಲೇ ತಡೆದರೆ ವ್ಯಾಪಾರ ಆಗೋದು ಹೆಂಗೆ?' ಎಂದು ಒಂದು ಗುಂಪು. 'ಇಷ್ಟಾದರೂ ಮಾಡಿದರಲ್ಲ, ಪುಣ್ಯಾತ್ಮರು' ಎಂದು ಇನ್ನೊಂದು ಗುಂಪು. ಎರಡು ಗುಂಪಿನವರೂ ಎಣಿಸುತ್ತಿದ್ದದ್ದು ಗಾಡಿಗಳನ್ನೇ. ಗುಡ್ಡ ಏನನ್ನು ತಾಳಬಲ್ಲದು, ಯಾವಾಗ ತಾಳಬಲ್ಲದು ಎಂಬ ಮಾತು ಅಲ್ಲಿ ಬರಲೇ ಇಲ್ಲ.

ಅದಕ್ಕೆ ಉತ್ತರ ಬೇಕಾದರೆ 2022ನೇ ಇಸವಿಗೆ ಹೋಗಬೇಕು.

ಆ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚಂದ್ರದ್ರೋಣ ಸಾಲಿನ ಇಳಿಜಾರುಗಳಲ್ಲಿ ಕುರಿಂಜಿ ಅರಳಿತು. ಹಸಿರು ಗುಡ್ಡ ರಾತ್ರೋರಾತ್ರಿ ನೀಲಿ ಸೀರೆ ಉಟ್ಟ ಹಾಗೆ ಕಂಡಿತು. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಎಲ್ಲರ ಅಂಗೈಯಲ್ಲಿರುವ ಫೋನಿನಲ್ಲಿ ಅದೇ ಚಿತ್ರ. ಸರಿ, ಬೆಂಗಳೂರಿಗೆ ಬೆಂಗಳೂರೇ ಹೊರಟು ಬಂತು. ರಸ್ತೆ ತುಂಬಿತು, ಹೋಟೆಲು ತುಂಬಿತು, ಹೋಂಸ್ಟೇ ತುಂಬಿತು. ಕೆಲವರು ದೂರದಿಂದ ನೋಡಿ ಕೈಮುಗಿದು ಹೋದರು. ಕೆಲವರು ಹೂವಿನ ನಡುವೆಯೇ ಕೂತು, ಮಲಗಿ ಪಟ ತೆಗೆಸಿಕೊಂಡರು. ಗೊಂಚಲು ಕಿತ್ತು ಕಾರಿನ ಕಿಟಕಿಗೆ ಸಿಕ್ಕಿಸಿಕೊಂಡು ಹೋದವರೂ ಇದ್ದರು ಎಂಬ ದೂರು ಬಂತು. ಅಧಿಕಾರಿಗಳು ಎಚ್ಚರಿಕೆ ಕೊಟ್ಟರು. ಹೂ ಬಾಡಿತು, ಗದ್ದಲ ಮುಗಿಯಿತು, ಎಲ್ಲರೂ ಮರೆತರು.

ಮರೆಯಬಾರದಿದ್ದ ಹೊತ್ತು ಶುರುವಾದದ್ದೇ ಆಗ.

ಕುರಿಂಜಿ ಸೇವಂತಿಗೆಯ ಹಾಗೆ ವರ್ಷಾವರ್ಷ ಬಿಡುವ ಹೂವಲ್ಲ. ಈ ಜಾತಿಯ ಗಿಡ ವರ್ಷಗಟ್ಟಲೆ ಸುಮ್ಮನೆ ಹಸಿರಾಗಿ ಬೆಳೆಯುತ್ತದೆ. ತನ್ನ ವರ್ಷ ಬಂದಾಗ ಗುಡ್ಡದ ಮೇಲಿನ ಅಷ್ಟೂ ಗಿಡ ಒಟ್ಟಿಗೆ ಹೂ ಬಿಡುತ್ತವೆ, ಕಾಯಿ ಕಟ್ಟುತ್ತವೆ, ಬೀಜ ಉದುರಿಸುತ್ತವೆ, ಆಮೇಲೆ ಸಾಯುತ್ತವೆ. ಒಂದು ಗಿಡಕ್ಕೆ ಜನ್ಮದಲ್ಲಿ ಒಂದೇ ಹೂಕಾಲ. ಹೀಗೆ ಒಟ್ಟಿಗೇ ಏಕೆ ಎಂಬುದಕ್ಕೆ ಸಸ್ಯಶಾಸ್ತ್ರ ಬಲ್ಲವರು ಕೊಡುವ ಕಾರಣ ನಮ್ಮ ರೈತರಿಗೆ ಹೊಸದಲ್ಲ: ಇಲಿ, ಹಕ್ಕಿ, ಹುಳ ತಿಂದೂ ತಿಂದೂ ಮಿಗುವಷ್ಟು ಬೀಜ ಒಂದೇ ಸಲ ಬಿದ್ದರೆ ತಾನೇ ನಾಲ್ಕು ಮೊಳೆಯುವುದು?

ಮಲೆನಾಡಿನ ಹಳಬರು ಈ ಬಳಗದ ಗಿಡಗಳನ್ನು ಗುರಿಗೆ ಎನ್ನುತ್ತಾರೆ. ಗುರಿಗೆ ಹೂವಾದ ವರ್ಷ ಜೇನಿಗೆ ಸುಗ್ಗಿ. ಬಳಗದಲ್ಲಿ ಹಲವು ಜಾತಿಗಳಿವೆ, ಒಂದೊಂದಕ್ಕೂ ಒಂದೊಂದು ಪಂಚಾಂಗ. ಕೆಲವು ಏಳು ವರ್ಷಕ್ಕೆ, ಕೆಲವು ಎಂಟಕ್ಕೆ, ನೀಲಗಿರಿ ಮತ್ತು ಮುನ್ನಾರಿನ ಹೆಸರಾಂತ ನೀಲಕುರಿಂಜಿ ಹನ್ನೆರಡಕ್ಕೆ. ಮುನ್ನಾರಿನಲ್ಲಿ 1982, 1994, 2006, 2018 ಎಂದು ಅದು ಲೆಕ್ಕ ತಪ್ಪದೆ ಅರಳಿದೆ. ಕೊಡಗಿನ ಮಾಂದಲಪಟ್ಟಿ ಕಡೆ 2021ರಲ್ಲಿ ಅರಳಿದ್ದು ಬೇರೆ ಪಂಚಾಂಗ. ನಮ್ಮ ಗಿರಿಯದನ್ನು ಊರವರು ಹನ್ನೆರಡು ವರ್ಷದ್ದೆಂದೇ ಎಣಿಸುತ್ತಾರೆ. ಆ ಎಣಿಕೆಯಂತೆ ಮುಂದಿನದು 2034.

ಈಗ ಅಂಗಡಿಯ ಲೆಕ್ಕದಲ್ಲೇ ನೋಡೋಣ. 2034ರಲ್ಲಿ ಅರಳಬೇಕಾದ ಹೂವಿನ ಬಂಡವಾಳ ಎಲ್ಲಿದೆ? 2022ರ ಹೂ ಮುಗಿದ ಮೇಲೆ ಒಣಗಿದ ಕಾಯಿ ಸಿಡಿದು ನೆಲಕ್ಕೆ ಬಿತ್ತಲ್ಲ, ಆ ಬೀಜದಲ್ಲಿದೆ. ಅದು ಈಗ ಮೊಳೆತು ಹುಲ್ಲಿನ ನಡುವೆ ಗುರುತೇ ಹತ್ತದ ಗಿಡವಾಗಿ ನಿಂತಿದೆ. ಹೂವಿಲ್ಲ, ಬಣ್ಣವಿಲ್ಲ, ಪಟ ತೆಗೆಸಿಕೊಳ್ಳುವವರಿಲ್ಲ. ಅದರ ಮೇಲೆ ಕಾರು ನಿಲ್ಲಿಸಿದರೆ ಯಾರೂ ಬಯ್ಯುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಳೆಗೊನೆ ಕದ್ದವನನ್ನು ಊರು ಅಟ್ಟಿಸಿಕೊಂಡು ಹೋಗುತ್ತದೆ, ಬಾಳೆಕಂದು ತುಳಿದವನನ್ನು ಯಾರು ಕೇಳುತ್ತಾರೆ? ಹೂವಿನ ವರ್ಷದಲ್ಲಿ ಪೊಲೀಸರು, ಅರಣ್ಯ ಇಲಾಖೆ, ಪತ್ರಿಕೆಗಳು ಎಲ್ಲರೂ ಗುಡ್ಡ ಕಾಯುತ್ತಾರೆ. ಉಳಿದ ಹನ್ನೊಂದು ವರ್ಷಕ್ಕೆ ಕಾವಲು ಯಾರು?

ಬೋಳುಗುಡ್ಡ ಎಂಬ ತಪ್ಪು

ಕೆಳಗಿನಿಂದ ನೋಡಿದವರಿಗೆ ಗಿರಿಯ ನೆತ್ತಿ ಬೋಳು. ಮರವಿಲ್ಲ, ಬರೀ ಹುಲ್ಲು. ಕಾಡು ಕಡಿದು ಹೀಗಾಗಿದೆ ಎಂದುಕೊಳ್ಳುವವರಿದ್ದಾರೆ. 'ಖಾಲಿ ಬಿದ್ದಿದೆ, ಏನಾದರೂ ಮಾಡಬಹುದಲ್ಲ' ಎನ್ನುವ ಪುಢಾರಿಗಳೂ ಇದ್ದಾರೆ. ಎರಡೂ ತಪ್ಪು. ಅಷ್ಟು ಎತ್ತರದಲ್ಲಿ, ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರ, ಸುಮಾರು 1,930 ಮೀಟರ್, ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ, ಬೀಸುವ ಗಾಳಿಯಲ್ಲಿ ಇಳಿಜಾರಿಗೆ ಹುಲ್ಲು, ಕೊರಕಲಿಗೆ ಕಾಡು ಎಂದು ಪ್ರಕೃತಿಯೇ ಪಾಲು ಮಾಡಿಕೊಟ್ಟಿದೆ. ಕೊರಕಲಿನ ಕುಳ್ಳು ಮರಗಳ ಆ ದಟ್ಟ ಕಾಡಿಗೆ ಶೋಲಾ ಎನ್ನುತ್ತಾರೆ. ಪಾಚಿ ಹಿಡಿದ ಕಾಂಡ, ಕೊಂಬೆಗೆ ಅಂಟಿದ ಸೀತಾಳೆ ಬಳಗದ ಹೂ, ಕಾಲಡಿ ಕರ್ಣಕುಂಡಲದ ಜಾತಿಯ ಗುಲಾಬಿ ಹೂ. ಹುಲ್ಲು ಮತ್ತು ಶೋಲಾ ಹೀಗೆ ಕೈ ಹಿಡಿದು ನಿಂತ ಜಾಗ ಪಶ್ಚಿಮ ಘಟ್ಟದ ಎತ್ತರಗಳಲ್ಲಿ ಬಿಟ್ಟರೆ ಬೇರೆಲ್ಲೂ ಈ ರೂಪದಲ್ಲಿಲ್ಲ. ನೀಲಗಿರಿಯಲ್ಲಿ ಬ್ರಿಟಿಷರ ಕಾಲದಿಂದ ಇಂಥ ಹುಲ್ಲುಗಾವಲನ್ನು ಖಾಲಿ ಜಾಗವೆಂದು ತಿಳಿದು ವಾಟಲ್, ನೀಲಗಿರಿ ಮರ ನೆಟ್ಟರು. ಹುಲ್ಲು ಹೋಯಿತು, ಅದರ ಜೊತೆ ಕುರಿಂಜಿಯ ಜಾಗವೂ ಹೋಯಿತು.

ಹುಲ್ಲಿನಿಂದ ಪೇಟೆಯವರಿಗೇನು ಲಾಭ? ನಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಹುಲ್ಲಿನ ಬೇರು ಮಳೆ ನೀರನ್ನು ಸ್ಪಂಜಿನ ಹಾಗೆ ಹಿಡಿದು, ಮಳೆ ನಿಂತ ಮೇಲೆ ನಿಧಾನವಾಗಿ ಬಿಡುತ್ತದೆ. ಊರಿನ ಕುಡಿಯುವ ನೀರಿಗೆ ಆಧಾರವಾದ ಹಿರೇಕೊಳಲೆ ಕೆರೆ ಗಿರಿಯ ಬುಡದ್ದು. ಯಗಚಿ ಹುಟ್ಟುವುದೂ ಈ ಸಾಲಿನಲ್ಲೇ. ಪೂರ್ವಕ್ಕೆ ಇಳಿಯುವ ವೇದಾ ಮತ್ತು ಅವತಿ ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ, ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಆ ವೇದಾವತಿಯೇ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುವುದು. 1933ರ ನಂತರ ಆ ಜಲಾಶಯ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಗಿರಿಯಲ್ಲಿ ಕುರಿಂಜಿ ಅರಳಿದ ಅದೇ ಮಳೆಗಾಲದಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಕಟ್ಟಬೇಕಾಗಿಲ್ಲ, ಭದ್ರೆಯಿಂದ ಎತ್ತಿ ಹರಿಸಿದ ನೀರೂ ಅದಕ್ಕೆ ಸೇರಿತ್ತು. ಆದರೆ ಚಿತ್ರದುರ್ಗದ ರೈತನ ನೀರಿನ ಒಂದು ಎಳೆ ನಮ್ಮ ಗಿರಿಯ ಹುಲ್ಲಿನಲ್ಲಿ ಶುರುವಾಗುತ್ತದೆ ಎಂಬುದು ಸುಳ್ಳಲ್ಲ.

ಇಷ್ಟೆಲ್ಲ ಇದ್ದರೂ, 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ಅದರಲ್ಲಿತ್ತು, ಬಾಬಾಬುಡನ್‌ಗಿರಿ ಇರಲಿಲ್ಲ. ಮುಳ್ಳಯ್ಯನಗಿರಿಯನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸುವ ಪ್ರಸ್ತಾಪ ಎದ್ದಾಗಲೆಲ್ಲ ಬೆಳೆಗಾರರು, ಹಳ್ಳಿಗರು ವಿರೋಧಿಸಿದ್ದಾರೆ. ಅವರ ಭಯವನ್ನು ಹಗುರವಾಗಿ ನೋಡುವುದು ತಪ್ಪು. ತೋಟ ಹೋದೀತು, ದನ ಬಿಡುವ ಹಾಗಿಲ್ಲ, ಸೌದೆ ತರುವ ಹಾಗಿಲ್ಲ ಎಂಬ ಅನುಭವ ಮಲೆನಾಡಿನವರಿಗೆ ಬೇಕಾದಷ್ಟಿದೆ. ಆದರೆ ಕಾನೂನು ಓದಿದರೆ ಒಂದು ವಿಷಯ ಕಾಣುತ್ತದೆ. ವನ್ಯಜೀವಿ ಕಾಯಿದೆಯಲ್ಲಿ ಸಂರಕ್ಷಣಾ ಮೀಸಲು ಎಂದರೆ ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ. ಸ್ಥಳೀಯರ ಜೊತೆ ಸಮಾಲೋಚನೆ ಮಾಡಿಯೇ ಘೋಷಿಸಬೇಕು. ಅಭಯಾರಣ್ಯ ಬೇರೆ, ಇದು ಬೇರೆ. ಈ ವ್ಯತ್ಯಾಸವನ್ನು ಹಳ್ಳಿಯ ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಬೇಕಾದವರು ಕಚೇರಿಯಲ್ಲಿ ಕೂತು ನಕ್ಷೆಗೆ ಬಣ್ಣ ಹಚ್ಚಿದರೆ ವಿರೋಧ ಬಾರದೆ ಇನ್ನೇನು ಬಂದೀತು?

ಹೂವಿಗಾದರೂ ಕಾನೂನಿನ ರಕ್ಷೆ ಇದೆಯೇ? 2022ರ ತಿದ್ದುಪಡಿಯಲ್ಲಿ ನೀಲಕುರಿಂಜಿಯನ್ನು ವನ್ಯಜೀವಿ ಕಾಯಿದೆಯ ರಕ್ಷಿತ ಗಿಡಗಳ ಪಟ್ಟಿಗೆ ಸೇರಿಸಿದರು. ಕಿತ್ತರೆ ಅಪರಾಧ. ಸಂತೋಷ. ಆದರೆ ಪಟ್ಟಿಯಲ್ಲಿರುವುದು ಹನ್ನೆರಡು ವರ್ಷದ ಆ ಒಂದು ಜಾತಿ. ಗುರಿಗೆಯ ಅಣ್ಣತಮ್ಮಂದಿರೆಲ್ಲ ಅದರಲ್ಲಿಲ್ಲ. ಕಾನೂನಿಗೆ ಗಿಡದ ಶಾಸ್ತ್ರೀಯ ಹೆಸರು ಬೇಕು, ಕಾರಿನ ಟಯರಿಗೆ ಯಾವ ಹೆಸರೂ ಬೇಡ.

ಸಾತಾರದವರು ಮಾಡಿದ್ದೇನು?

ಹೂವಿನ ಗುಡ್ಡಕ್ಕೆ ಜನ ಮುಗಿಬಿದ್ದ ಊರು ಚಿಕ್ಕಮಗಳೂರು ಒಂದೇ ಅಲ್ಲ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಬೆಳಗಾವಿ, ಕೊಲ್ಹಾಪುರ ದಾಟಿದರೆ ಸಾತಾರ ಸಿಗುತ್ತದೆ. ಅಲ್ಲಿಂದ ಸುಮಾರು 25 ಕಿಲೋಮೀಟರ್ ಮೇಲೆ ಕಾಸ್ ಎಂಬ ಬಯಲು. ಜಂಬಿಟ್ಟಿಗೆಯ ಬಂಡೆ ಹಾಸಿದ ನೆಲ, ಬೇಸಿಗೆಯಲ್ಲಿ ನೋಡಿದರೆ ಸುಟ್ಟ ಹಂಚು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಅದೇ ನೆಲದ ಮೇಲೆ ನೂರಾರು ಬಗೆಯ ಸಣ್ಣ ಹೂ. ಹುಳ ಹಿಡಿದು ತಿನ್ನುವ ಗಿಡಗಳೂ ಇವೆ. ಕುರಿಂಜಿಯ ಬಳಗದ್ದೇ ಒಂದು ಗಿಡ ಏಳು ವರ್ಷಕ್ಕೊಮ್ಮೆ ಬಯಲೆಲ್ಲ ನೇರಳೆ ಮಾಡುತ್ತದೆ, 2016ರಲ್ಲಿ ಮಾಡಿತು, 2023ರಲ್ಲಿ ಮಾಡಿತು. 2012ರ ಯುನೆಸ್ಕೋ ಪಟ್ಟಿಯಲ್ಲಿ ಕಾಸ್ ಇದೆ. ಹೆಸರು ಬಂದದ್ದೇ ತಡ, ಪುಣೆ, ಮುಂಬಯಿಯ ಕಾರುಗಳು ಹೂವಿನ ಮೇಲೆ ನಿಲ್ಲತೊಡಗಿದವು.

ಅವರು ಮಾಡಿದ್ದು ಹೀಗೆ. ದಿನಕ್ಕೆ 3,000 ಜನ ಎಂದು ಮಿತಿ ಹಾಕಿದರು. ಗಮನಿಸಿ, ಎಣಿಸಿದ್ದು ಜನರನ್ನು, ಗಾಡಿಗಳನ್ನಲ್ಲ. ಕಾರನ್ನು ದೂರದಲ್ಲೇ ನಿಲ್ಲಿಸಿ, ಅಲ್ಲಿಂದ ಬಸ್ಸಿನಲ್ಲಿ ಒಯ್ಯುವ ಏರ್ಪಾಡು ಮಾಡಿದರು. ಟಿಕೆಟ್ ಕೊಡುವವರು, ದಾರಿ ಕಾಯುವವರು, ಹೂವಿನ ಹೆಸರು ಹೇಳುವವರು ಸುತ್ತಲ ಹಳ್ಳಿಯ ಹುಡುಗರು. ಹಳ್ಳಿಗಳ ಜಂಟಿ ಅರಣ್ಯ ಸಮಿತಿಯೇ ಶುಲ್ಕ ವಸೂಲು ಮಾಡಿ ಕೆಲಸ ನಡೆಸುತ್ತದೆ. ಹೂವಿನಿಂದ ಕೂಲಿ ಹುಟ್ಟಿದ ಮೇಲೆ ಹೂವನ್ನು ತುಳಿಯಬೇಡಿ ಎಂದು ಹೇಳಲು ಸಾಹೇಬರು ಜೀಪಿನಲ್ಲಿ ಬರಬೇಕಾಗಿಲ್ಲ.

ಹಾಗೆಂದು ಅವರು ಮಾಡಿದ್ದೆಲ್ಲ ಸರಿಯಾಯಿತೆಂದಲ್ಲ. ಜನರನ್ನು ತಡೆಯಲು ಬಯಲಿನ ಸುತ್ತ ತಂತಿ ಬೇಲಿ ಹಾಕಿದರು. ಜನ ಹೊರಗುಳಿದರು, ಜೊತೆಗೆ ದನವೂ ಹೊರಗುಳಿಯಿತು. ದನ ಮೇಯದೆ ಹುಲ್ಲು ಎದೆಯೆತ್ತಿ ಬೆಳೆಯಿತು, ಬಿಸಿಲು ಬೇಕಾದ ಸಣ್ಣ ಹೂಗಳು ಅದರ ಕೆಳಗೆ ಮುಚ್ಚಿಹೋಗತೊಡಗಿದವು ಎಂದು ಹಳ್ಳಿಗರೂ ಸಸ್ಯ ಬಲ್ಲವರೂ ಕೂಗಿದರು. ಕಡೆಗೆ ಬೇಲಿ ತೆಗೆದರು. ನಮ್ಮವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಗುಡ್ಡ ಉಳಿಸುತ್ತೇವೆಂದು ಹೊರಟ ಇಲಾಖೆಯ ಕೈ ಮೊದಲು ಹೋಗುವುದು ತಂತಿಯ ಸುರುಳಿಗೇ.

ಮುನ್ನಾರಿನ ಎರವಿಕುಲಂ ರಾಷ್ಟ್ರೀಯ ಉದ್ಯಾನದಲ್ಲೂ ಅಷ್ಟೇ. ಖಾಸಗಿ ವಾಹನ ಒಳಗೆ ಬಿಡುವುದಿಲ್ಲ, ಅರಣ್ಯ ಇಲಾಖೆಯ ಬಸ್ಸಿನಲ್ಲೇ ಹೋಗಬೇಕು. ಅಲ್ಲಿನ ಕಾಡುಮೇಕೆ ಮರಿ ಹಾಕುವ ಕಾಲವೆಂದು ಫೆಬ್ರವರಿ, ಮಾರ್ಚ್ ಸುಮಾರಿಗೆ ಪ್ರತಿವರ್ಷ ಬಾಗಿಲು ಹಾಕುತ್ತಾರೆ. ಅದರಿಂದ ಮುನ್ನಾರಿನ ಅಂಗಡಿಗಳು ದಿವಾಳಿ ಎದ್ದಿಲ್ಲ.

600 ಗಾಡಿ ಎಂದರೆ ಎಷ್ಟು?

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಸಾಧಾರಣ ಕಾರಿನ ಉದ್ದ ಹದಿಮೂರು ಅಡಿ. 600 ವಾಹನವೂ ಕಾರೇ ಎಂದಿಟ್ಟುಕೊಂಡು ಒಂದರ ಬೆನ್ನಿಗೆ ಒಂದು ತಾಗಿಸಿ ನಿಲ್ಲಿಸಿದರೆ ಒಂದೂವರೆ ಮೈಲಿ ಆಗುತ್ತದೆ. ಬೈಕುಗಳನ್ನು ಕಳೆದು ಇನ್ನಷ್ಟು ಕಮ್ಮಿ ಮಾಡಿಕೊಳ್ಳಿ, ಆದರೂ ಆ ಸಣ್ಣ ತಿರುವಿನ ರಸ್ತೆಯಲ್ಲಿ ಅಷ್ಟು ಗಾಡಿ ನಿಲ್ಲುವುದೆಲ್ಲಿ? ಎದುರಿನ ಗಾಡಿಗೆ ದಾರಿ ಬಿಡಲು ಒಂದು ಚಕ್ರ ಇಳಿಯುವುದು ಹುಲ್ಲಿನ ಮೇಲೆ. ಒಂದು ಮಳೆಗಾಲದಲ್ಲಿ ಆ ಅಂಚು ಕೆಸರು, ಮುಂದಿನ ಮಳೆಗೆ ಅದೇ ಚರಂಡಿ, ಅದರ ಮುಂದಿನ ಮಳೆಗೆ ಧರೆ ಕುಸಿತ.

ಅದೇ ನಲವತ್ತು ಜನ ನಾಲ್ಕು ನಾಲ್ಕರಂತೆ ಕಾರಿನಲ್ಲಿ ಹೋದರೆ ಹತ್ತು ಕಾರು, ನೂರಾ ಮೂವತ್ತು ಅಡಿ ರಸ್ತೆ. ಎರಡು ಮಿನಿ ಬಸ್ಸಿನಲ್ಲಿ ಹೋದರೆ ಐವತ್ತು ಅಡಿ ಸಾಕು. ಬಸ್ಸು ಜನರನ್ನು ಇಳಿಸಿ ವಾಪಸು ಬರುತ್ತದೆ, ಗುಡ್ಡದ ಮೇಲೆ ಠಿಕಾಣಿ ಹೂಡುವುದಿಲ್ಲ. ಕೈಮರದಲ್ಲಿ ಗಾಡಿ ತಡೆಯುವ ಚೆಕ್‌ಪೋಸ್ಟ್ ಆಗಲೇ ಇದೆ. ಹೊಸದಾಗಿ ಬೇಕಾದದ್ದು ಕೆಳಗಡೆ ಗಾಡಿ ನಿಲ್ಲಿಸಲು ಜಾಗ, ಹೊತ್ತಿಗೆ ಸರಿಯಾಗಿ ಬರುವ ಮಿನಿ ಬಸ್ಸು. ದೊಡ್ಡ ಬಸ್ಸು ಆ ತಿರುವುಗಳಲ್ಲಿ ಒದ್ದಾಡುವುದು ನಿಜ, ಅದಕ್ಕೇ ಮಿನಿ.

ಗಿರಿಯ ಟ್ಯಾಕ್ಸಿ, ಜೀಪಿನವರು ಇದನ್ನು ಕೇಳಿ ಕೆಂಪಾಗಬಹುದು. ಅವರ ಹೊಟ್ಟೆಪಾಡನ್ನು ಬಿಟ್ಟು ಮಾತಾಡುವುದು ನ್ಯಾಯವಲ್ಲ. ಹೊರಗಿನ ಕಾರು ಕೆಳಗೆ ನಿಂತರೆ ಮೇಲೆ ಹೋಗಲು ಗಾಡಿ ಬೇಕೇ ಬೇಕು. ಆ ಓಡಾಟದಲ್ಲಿ ಮೊದಲ ಪಾಲು ಊರಿನ ಜೀಪಿಗೆ ಎಂದು ಮೊದಲೇ ಬರೆದಿಟ್ಟರೆ ಜಗಳವೇನಿದೆ?

ಅಂಗಡಿಯವರ ವಿಷಯ ಇನ್ನೂ ಸ್ವಾರಸ್ಯದ್ದು. ಈಗ ಬೆಂಗಳೂರಿನ ಕಾರು ಬೆಳಿಗ್ಗೆ ಬರುತ್ತದೆ, ಬೈಪಾಸಿನಲ್ಲಿ ತಿಂಡಿ, ಸೀದಾ ಗಿರಿ, ಸಂಜೆ ವಾಪಸು. ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೆ, ಐ.ಜಿ. ರಸ್ತೆಯ ಬಟ್ಟೆ ಅಂಗಡಿಗೆ ಆ ಕಾರಿನ ಹೊಗೆ ಸಿಗುತ್ತದೆ, ಹಣ ಸಿಗುವುದು ಅಪರೂಪ. ಗಾಡಿಯನ್ನು ಊರಿನಲ್ಲೇ ನಿಲ್ಲಿಸಿ ಬಸ್ಸಿಗೆ ಅರ್ಧ ಗಂಟೆ ಕಾಯುವ ಗಿರಾಕಿ ಏನು ಮಾಡುತ್ತಾನೆ? ಸುತ್ತ ನೋಡುತ್ತಾನೆ, ಕಾಫಿ ಕುಡಿಯುತ್ತಾನೆ, ಕಾಲು ಕೇಜಿ ಪುಡಿ ಕಟ್ಟಿಸುತ್ತಾನೆ. ಬಾಬಾ ಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಹೇಳುವ ಗಿರಿಯ ಬುಡದಲ್ಲಿ ಕೂತು, ಬಂದವರಿಗೆ ಒಂದು ಲೋಟ ಕಾಫಿ ಮಾರಲಾರದ ಪೇಟೆ ಗಾಡಿಯ ಸಂಖ್ಯೆಗಾಗಿ ಕಾದಾಡುವುದರಲ್ಲಿ ಅರ್ಥವಿಲ್ಲ.

ಊರಿನವರ ಪಾಡೂ ಒಂದಿದೆ. ಗಿರಿಯ ಕಡೆಗೆ ಬಸ್ಸು ಇಲ್ಲವೆಂದಲ್ಲ, ಬೆರಳೆಣಿಕೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಧರ್ಮಸ್ಥಳ, ಹೊರನಾಡು, ಶೃಂಗೇರಿ ನೋಡಿ ಬಂದರು. ಕಣ್ಣೆದುರಿನ ಗಿರಿಯ ಹೂವನ್ನು 2022ರಲ್ಲಿ ನೋಡಿದವರು ಯಾರು ಎಂದು ಬಸ್ಸಿಗೆ ಕಾಯುವವರನ್ನು ಕೇಳಿದರೆ, ಹೆಚ್ಚಿನವರು ನೋಡಿದ್ದು ಫೋನಿನಲ್ಲಿ. ಕಾರಿದ್ದವರಿಗೆ ಗುಡ್ಡ, ಇಲ್ಲದವರಿಗೆ ಪಟ. ಆನ್‌ಲೈನ್ ನೋಂದಣಿ ಎಂದಾಗ ತರೀಕೆರೆಯ, ಕಡೂರಿನ ಅಜ್ಜಿಗೆ ಅದೂ ಒಂದು ಬೇಲಿಯೇ. ಬಸ್ ಸ್ಟ್ಯಾಂಡಿನಲ್ಲೇ ಒಂದು ಕಿಟಕಿ ತೆರೆದು, ಬಸ್ ಟಿಕೆಟ್ಟಿನ ಜೊತೆ ಗಿರಿಯ ಟಿಕೆಟ್ಟನ್ನೂ ಕೊಡಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ.

ಇದೆಲ್ಲ ಆಗುವವರೆಗೆ ಗುಡ್ಡ ಕಾಯಲು ಕೂತಿಲ್ಲ. ಮಳೆಗಾಲ ಮುಗಿದು ಜನವರಿ ಬಂದರೆ ಹುಲ್ಲು ಒಣಗಿ ಕಡ್ಡಿಯಾಗುತ್ತದೆ. ಆಗ ಒಂದು ಬೀಡಿಯ ತುಂಡು, ಒಂದು ಕ್ಯಾಂಪ್ ಬೆಂಕಿ ಸಾಕು. ಗಿರಿಯ ಇಳಿಜಾರು ಬೇಸಿಗೆಯ ರಾತ್ರಿ ಹಾರದ ಹಾಗೆ ಹೊಳೆಯುವುದನ್ನು ಪೇಟೆಯವರು ಮಾಳಿಗೆಯ ಮೇಲಿಂದ ಎಷ್ಟೋ ಸಲ ನೋಡಿದ್ದಾರೆ. ಬೆಂಕಿ ರೇಖೆ ಕೊರೆಯುವುದು, ಕಾವಲಿಗೆ ಜನ ಹಾಕುವುದು ಡಿಸೆಂಬರಿನೊಳಗೆ ಆಗಬೇಕಾದ ಕೆಲಸ. ಗಾಡಿಗಳಿಂದ ವಸೂಲಾಗುವ ಹಣದಲ್ಲಿ ಎಷ್ಟು ಪಾಲು ಆ ಕಾವಲಿಗೆ ಹೋಗುತ್ತದೆ, ಗಿರಿಯ ಹಳ್ಳಿಗಳ ಗ್ರಾಮ ಅರಣ್ಯ ಸಮಿತಿಗಳಿಗೆ ಅದರಲ್ಲಿ ಒಂದು ಕಾಸಾದರೂ ಉಂಟೇ ಎಂಬುದನ್ನು ಜಿಲ್ಲಾಡಳಿತ ಕೈಮರದ ಚೆಕ್‌ಪೋಸ್ಟಿನಲ್ಲೇ ಒಂದು ಬೋರ್ಡ್ ಬರೆಸಿ ಹಾಕಲಿ. ಅದೇ ಬೋರ್ಡಿನಲ್ಲಿ ಕುರಿಂಜಿಯ ಎಳೆ ಗಿಡದ ಚಿತ್ರವೊಂದನ್ನೂ, ಹೂವಿಲ್ಲದ ಚಿತ್ರವನ್ನು, ದೊಡ್ಡದಾಗಿ ಬರೆಸಲಿ. ಗಾಡಿ ಯಾವುದರ ಮೇಲೆ ನಿಂತಿದೆ ಎಂದು ಡ್ರೈವರಿಗೂ ಗೊತ್ತಾಗಬೇಕಲ್ಲ.